ಗಮನಿಸಿದವರ ಹೆಸರು

ಮಾರ್ಚ್ ೨೧, ಮಂಗಳವಾರ
ಕಚೇರಿ, ಊಟದ ಬಿಡುವು

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ, ನಿನ್ನ ಬಾಲ, ಮಾಡುವ ನಮಸ್ಕಾರ. ಒಂಬತ್ತು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು ಎಂದು ಮೊದಲ ಸಾಲಿನಲ್ಲೇ ಕೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಕೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಕೈ ಓಡುವುದಿಲ್ಲ. ನಾನು ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವುದಿಲ್ಲ, ಯಾಕೆಂದರೆ ನನಗೆ ಗೊತ್ತು. ಬಸ್ ಡಿಪೋದ ರಿಪೇರಿ ಶೆಡ್ಡಿನಲ್ಲಿ ಕೆಲಸ. ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕು, ಎರಡನೆಯದು ಯಾವತ್ತೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಎರಡು ವರ್ಷದ ಹಿಂದೆ ಕಣ್ಣು ಮಂಜಾಗಿ ಹೆದರಿಸಿತ್ತು, ಈಗ ಕನ್ನಡಕ ಬಂದಿದೆ. ಒಬ್ಬಳು ಮಗಳಿದ್ದಾಳೆ, ಅವಳ ಕಾಲು ಬೇಗ ಬೇಗ ಬೆಳೆಯುತ್ತದೆ. ಅತ್ತಿಗೆಗೆ ಹೊಲಿಗೆ ಬರುತ್ತದೆ.

ಇದನ್ನೆಲ್ಲ ಯಾರು ಹೇಳಿದರು ಎಂದು ಹುಬ್ಬು ಗಂಟಿಕ್ಕಬೇಡ. ನೀನೇ ಹೇಳಿದ್ದು. ಆರು ವರ್ಷದಿಂದ ಹೇಳುತ್ತಲೇ ಇದ್ದೀಯ, ಯಾರಿಗೆ ಹೇಳುತ್ತಿದ್ದೀಯ ಎಂದು ನಿನಗೆ ಗೊತ್ತಿರಲಿಲ್ಲ ಅಷ್ಟೆ.

ಪ್ರತಿ ವರ್ಷ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬರುತ್ತದಲ್ಲ, "ದೇಶದ ಆರ್ಥಿಕತೆಯನ್ನು ಸುಧಾರಿಸಲು ನಾಗರಿಕರಿಂದ ಸಲಹೆಗಳನ್ನು ಆಹ್ವಾನಿಸಲಾಗಿದೆ" ಎಂದು, ಆ ಸಲಹೆಗಳು ಬಂದು ಬೀಳುವುದು ನನ್ನ ಮೇಜಿನ ಮೇಲೆ. ಹಣಕಾಸು ಇಲಾಖೆಯ ಹಿಂಬದಿಯ ಕಟ್ಟಡ, ಎರಡನೇ ಮಹಡಿ, ಲಿಫ್ಟ್ ಪಕ್ಕದ ಕೋಣೆ. ನಾನು ದಾಖಲೆ ಇಲಾಖೆಯಿಂದ ಇಲ್ಲಿಗೆ ವರ್ಗವಾಗಿ ಏಳು ವರ್ಷವಾಯಿತು. ನಾವು ಇಲ್ಲಿ ಮೂವರು. ನಾನು, ಸೂಪರಿಂಟೆಂಡೆಂಟ್ ಮೇಡಂ, ಮತ್ತು ಲಕೋಟೆ ಒಡೆದು ನೋಂದಣಿ ಮಾಡುವ ಒಬ್ಬ ಗುಮಾಸ್ತರು. ಅವರು ಒಂದು ಸಲ ಕುರ್ಚಿಯಲ್ಲಿ ಕೂತರೆ ಸಂಜೆಯವರೆಗೂ ಏಳದ ಆಸಾಮಿ, ಅದಕ್ಕೆ ಕಟ್ಟಡದವರೆಲ್ಲ ಅವರಿಗೆ ಗೋಂದು ಎಂದು ಹೆಸರಿಟ್ಟಿದ್ದಾರೆ. ಅವರೂ ಆ ಹೆಸರಿಗೆ ಓಗೊಡುತ್ತಾರೆ.

ನಮ್ಮಲ್ಲಿ ನಾಲ್ಕು ರಬ್ಬರ್ ಮುದ್ರೆಗಳಿವೆ. ಒಂದನೆಯದು "ಗಮನಿಸಲಾಗಿದೆ". ಎರಡನೆಯದು "ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ". ಮೂರನೆಯದು "ಈಗಾಗಲೇ ಪರಿಶೀಲನೆಯಲ್ಲಿದೆ". ನಾಲ್ಕನೆಯದು "ಕಾರ್ಯಸಾಧ್ಯವಲ್ಲ". ಬಂದ ಪ್ರತಿ ಸಲಹೆಯ ಮೇಲೂ ಇವುಗಳಲ್ಲೊಂದು ಬೀಳಬೇಕು, ಅದೇ ಮುದ್ರೆ ಒತ್ತಿದ ಉತ್ತರದ ಕಾಗದ ಕಳಿಸಿದವರಿಗೆ ಹೋಗಬೇಕು. ಕೆಳಗೆ ಯಾರ ಹೆಸರೂ ಇರುವುದಿಲ್ಲ, "ಅಧೀಕ್ಷಕರ ಪರವಾಗಿ" ಎಂದು ಒಂದು ಸೊಟ್ಟ ಗೀಟು. ನಿನ್ನ ಮನೆಗೆ ಬಂದ ಉತ್ತರಗಳ ಕೆಳಗಿನ ಆ ಗೀಟು ನನ್ನದು, ಅಣ್ಣ. ಹದಿನಾಲ್ಕು ಸಲ ಗೀಚಿದ್ದೇನೆ.

ವಿಳಾಸ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ನಿನ್ನ ಪತ್ರದ ಬಲಮೂಲೆಯಲ್ಲಿ ಮನೆ ನಂಬರು, ಅಡ್ಡರಸ್ತೆ, "ನೀರಿನ ಟ್ಯಾಂಕಿನ ಎದುರು" ಎಂಬ ಗುರುತು ಸಮೇತ ಇರುತ್ತದೆ. ಸಲಹೆ ಕಳಿಸಿದವರ ಜೊತೆ ನೌಕರರು ಖಾಸಗಿ ವ್ಯವಹಾರ ಇಟ್ಟುಕೊಳ್ಳಬಾರದೆಂಬ ನಿಯಮವಿದೆ. ಆರು ವರ್ಷ ಆ ನಿಯಮದ ಹಿಂದೆ ಚೆನ್ನಾಗಿ ಬಚ್ಚಿಟ್ಟುಕೊಂಡೆ. ನಿಯಮ ಇಲ್ಲದಿದ್ದರೂ ಬಚ್ಚಿಟ್ಟುಕೊಳ್ಳುತ್ತಿದ್ದೆನೇನೋ.

ಹೋದ ವಾರ ನಿನ್ನ ಹದಿನೈದನೆಯದು ಬಂತು. ಗೋಂದು ಲಕೋಟೆ ಒಡೆಯುವ ಮುಂಚೆಯೇ ಕೈಬರಹ ನೋಡಿ, "ಮೇಡಂ, ನಿಮ್ಮೋರದ್ದು ಬಂತು" ಎಂದು ಕೂಗಿದರು. ನೀನು ನನಗೆ ಯಾರೆಂದು ಅವರಿಗೆ ನಾನು ಹೇಳಿಲ್ಲ. ಆದರೆ ನಿನ್ನ ಪತ್ರ ಬಂದ ದಿನ ನಾನು ಊಟದ ಡಬ್ಬಿ ತೆರೆಯುವುದಿಲ್ಲ ಎಂಬುದು ಅವರ ಕಣ್ಣಿಗೆ ಬಿದ್ದಿದೆ. ನೀನು ಬರೆದಿದ್ದೆ: "ಮಾನ್ಯರೇ, ನನ್ನ ಹದಿನೈದನೆಯ ಮತ್ತು ಕೊನೆಯ ಸಲಹೆ. ಸರ್ಕಾರದ ಪ್ರತಿಯೊಂದು ಉತ್ತರದ ಕೆಳಗೆ ಅದನ್ನು ಬರೆದವರ ಹೆಸರಿರಲಿ. ನಮ್ಮ ಶೆಡ್ಡಿನಲ್ಲಿ ಬ್ರೇಕು ಬಿಗಿ ಮಾಡಿದವನು ಪುಸ್ತಕದಲ್ಲಿ ಸಹಿ ಹಾಕಿಯೇ ಬಸ್ಸು ಹೊರಗೆ ಬಿಡುತ್ತಾನೆ. ಹೆಸರು ಬರೆಯಬೇಕು ಎಂದಾಗ ಮನುಷ್ಯ ಇನ್ನೊಂದು ಸುತ್ತು ತಿರುಗಿಸಿ ನೋಡುತ್ತಾನೆ. ಇಷ್ಟರಿಂದಲೇ ದೇಶದ ಅರ್ಧ ನಷ್ಟ ತಪ್ಪುತ್ತದೆ. 'ಗಮನಿಸಲಾಗಿದೆ' ಎನ್ನುತ್ತೀರಿ. ಯಾರು ಗಮನಿಸಿದ್ದು? ಗೋಡೆಯ ಜೊತೆ ಮಾತಾಡಿ ಸಾಕಾಗಿದೆ. ಇನ್ನು ಬರೆಯುವುದಿಲ್ಲ."

ಓದಿ ಎದ್ದೆ. ನೀರು ಕುಡಿದೆ. ಕೂತೆ. ಮತ್ತೆ ಎದ್ದೆ. ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನೀನು ಬರೆಯುವುದನ್ನು ನಿಲ್ಲಿಸಿದೆ, ಸರಿ. ಮುನಿಸು ಇಳಿದ ಮೇಲೆ ಮತ್ತೆ ಬರೆಯುತ್ತೀಯ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಈ ಮೂವತ್ತೊಂದಕ್ಕೆ ನಮ್ಮ ವಿಭಾಗ ಮುಚ್ಚುತ್ತದೆ. ಇನ್ನು ಸಲಹೆಗಳೆಲ್ಲ ಕಂಪ್ಯೂಟರಿನಲ್ಲಿ, ಒಂದು ಪೆಟ್ಟಿಗೆಯೊಳಗೆ, ಇನ್ನೂರು ಅಕ್ಷರ ಮೀರದಂತೆ. ನಿನಗೆ "ತಮ್ಮಲ್ಲಿ ಸವಿನಯ ಪ್ರಾರ್ಥನೆ" ಮುಗಿಸುವುದಕ್ಕೇ ಅಷ್ಟು ಬೇಕು! ಹೆಸರೂ ಇಲ್ಲ, ಊರೂ ಇಲ್ಲ, ಕೈಬರಹವಂತೂ ಇಲ್ಲವೇ ಇಲ್ಲ. ಹಳೆಯ ಕಾಗದವೆಲ್ಲ ಅದೇ ದಿನ, ಬರುವ ವಾರದ ಶುಕ್ರವಾರ, ಲಾರಿಯಲ್ಲಿ ಕಾಗದದ ಕಾರ್ಖಾನೆಗೆ. ನಾನು ಪಿಂಚಣಿ ವಿಭಾಗಕ್ಕೆ. ಅಂದರೆ ನೀನು ಇದ್ದೀಯ, ಹೀಗಿದ್ದೀಯ ಎಂದು ನನಗೆ ತಿಳಿಯುತ್ತಿದ್ದ ಒಂದೇ ದಾರಿ ಇನ್ನು ಹತ್ತು ದಿನದಲ್ಲಿ ಇರುವುದಿಲ್ಲ. ಅದಕ್ಕೇ ಈ ಪತ್ರ. ಹೆಸರು ಕೇಳಿದೆಯಲ್ಲ, ಹೇಳುತ್ತಿದ್ದೇನೆ. ಮೇಡಂ ಬರುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ.


ಗುರುವಾರ
ಬಸ್ ನಿಲ್ದಾಣ

ನೀನು ಹೇಳಿದ್ದು ಸರಿ. ಮನೆಗೆ ಹೋಗುವ ನನ್ನ ಎರಡನೇ ಬಸ್ಸೂ ಹೊತ್ತಿಗೆ ಬರುವುದೇ ಇಲ್ಲ. ನಲವತ್ತು ನಿಮಿಷದಿಂದ ನಿಂತಿದ್ದೇನೆ, ಚೀಲದ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ನಿನ್ನ ಸಾರಿಗೆ ಇಲಾಖೆಯನ್ನು ಬೈದುಕೋ.

ಎಲ್ಲಿಂದ ಹೇಳಲಿ? ನಟ್ಟು ಬೋಲ್ಟಿನ ಪತ್ರದಿಂದ ಶುರು ಮಾಡುತ್ತೇನೆ. "ಒಂದು ಬಸ್ಸನ್ನು ಪೂರ್ತಿ ಬಿಚ್ಚಲು ಹದಿನೇಳು ಅಳತೆಯ ಸ್ಪ್ಯಾನರ್ ಬೇಕು. ನಮ್ಮ ಶೆಡ್ಡಿನಲ್ಲಿ ಹನ್ನೆರಡು ಇವೆ. ಮಿಕ್ಕ ಐದಕ್ಕಾಗಿ ದಿನಕ್ಕೆ ಒಂದು ಗಂಟೆ ಹುಡುಕಾಟ. ದೇಶದ ಯಂತ್ರಗಳಿಗೆಲ್ಲ ಐದೇ ಅಳತೆ ಸಾಕೆಂದು ಕಾನೂನು ಮಾಡಿ." ಅದನ್ನು ಓದಿದಾಗ ನನಗೆ ದೇಶದ ಯಂತ್ರಗಳ ಗೊಡವೆ ಇರಲಿಲ್ಲ. ನೀನು ಮತ್ತೆ ಕಬ್ಬಿಣ ಮುಟ್ಟಿದ್ದೀಯ, ನಿನಗೆ ಕೆಲಸ ಸಿಕ್ಕಿದೆ ಎಂಬುದಷ್ಟೇ ಕಂಡಿತು. ಮೆಟ್ಟಿಲಿಳಿದು ಹೋಗಿ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ.

ನಿನಗೆ ಮಗಳಿರುವುದು ನನಗೆ ಗೊತ್ತಾದದ್ದು ಶೂ ಪತ್ರದಿಂದ. "ಶೂ ಸವೆಯುವ ಮುಂಚೆ ಮಗುವಿನ ಕಾಲು ಬೆಳೆಯುತ್ತದೆ. ನನ್ನ ಮಗಳದು ಒಂದೇ ವರ್ಷದಲ್ಲಿ ಎರಡು ಅಳತೆ ದಾಟಿತು. ದೇಶದ ಪ್ರತಿ ಮನೆಯ ಮಂಚದ ಕೆಳಗೆ ಇನ್ನೂ ಗಟ್ಟಿಮುಟ್ಟಾಗಿರುವ ಸಣ್ಣ ಶೂ ಬಿದ್ದಿವೆ. ಪ್ರತಿ ಶಾಲೆಯ ಬಾಗಿಲಲ್ಲಿ ಒಂದು ಕಪಾಟು ಇಡಿ. ಚಿಕ್ಕದನ್ನು ಬಿಟ್ಟು ದೊಡ್ಡದನ್ನು ತೊಟ್ಟುಕೊಂಡು ಹೋಗಲಿ." ನಾನು ಅತ್ತೆಯಾಗಿರುವ ಸುದ್ದಿ ನನಗೆ ಹಣಕಾಸು ಇಲಾಖೆಯ ಮೂಲಕ ಬಂತು ನೋಡು. ಮಗುವಿಗೆ ಆಗಲೇ ನಾಲ್ಕು ವರ್ಷವೋ ಏನೋ. ಅದರ ಮೇಲೆ ಒಂದನೇ ಮುದ್ರೆಯನ್ನು ಗೊತ್ತಿಲ್ಲದೆ ಎರಡು ಸಲ ಒತ್ತಿದೆ. ನಿನ್ನ ಉತ್ತರದಲ್ಲೂ ಎರಡು ಸಲ ಬಿದ್ದಿರಬೇಕು, ನೋಡು ಬೇಕಾದರೆ.

ಈಗ ಒಂದು ಗುಟ್ಟು. ನಿನ್ನ ಒಂದು ಯೋಜನೆ ಜಾರಿಗೆ ಬಂದಿದೆ. ದೇಶದಲ್ಲಲ್ಲ, ಗೋಂದು ಅವರ ಮಗಳ ಶಾಲೆಯಲ್ಲಿ. ನಾನು ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದ್ದೆ. ಸಂಜೆಯವರೆಗೆ ಏಳದ ಮನುಷ್ಯ ಮಾರನೆಯ ದಿನ ರಜೆ ಹಾಕಿ ಶಾಲೆಗೆ ಹೋದರು. ಹಳೆಯ ಫೈಲುಗಳ ಕಪಾಟೊಂದನ್ನು ತೊಳೆಸಿ, ಹಸಿರು ಬಣ್ಣ ಹೊಡೆಸಿ ಇಟ್ಟಿದ್ದಾರಂತೆ. ಮೊದಲ ತಿಂಗಳಲ್ಲೇ ನಲವತ್ತು ಜೊತೆ ಕಾಲು ಬದಲಾಯಿಸಿದವು. "ಮೇಡಂ, ಒಂದೇ ತೊಂದರೆ," ಅಂದರು ಆಮೇಲೆ, "ದೊಡ್ಡ ಶೂ ಸಿಗುತ್ತೆ ಅಂತ ಮಕ್ಕಳು ಬೇಕಂತಲೇ ಕಾಲು ಬೆಳೀತು ಅಂತಾರೆ." ನಗು ತಡೆಯಲಾಗಲಿಲ್ಲ. ನಿನಗೆ ಹೇಳಬೇಕೆಂದು ಜೀವ ಚಡಪಡಿಸಿತು. ಹೇಳಿಕೊಳ್ಳದೆ ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಬಸ್ಸು ಬಂತು. ಹತ್ತಲಿಲ್ಲ, ತುಂಬಿತ್ತು. ಇನ್ನೊಂದಕ್ಕೆ ಕಾಯುತ್ತೇನೆ.

ಆಮೇಲೆ ಆಸ್ಪತ್ರೆಯ ಸಾಲಿನ ಪತ್ರ. ಬಾಗಿಲು ತೆರೆದಾಗಿನಿಂದ ಮಧ್ಯಾಹ್ನದವರೆಗೆ ನೀನು ಕೂತಿದ್ದೆ, ಸಾಲಿನಲ್ಲಿ ಇನ್ನೂರ ಹದಿನಾರು ಮಂದಿ, ಒಬ್ಬೊಬ್ಬರ ಅರ್ಧ ದಿನ ಹಾಳು, ಅದನ್ನೆಲ್ಲ ಕೂಡಿಸಿದರೆ ಒಂದು ಸಣ್ಣ ಕಾರ್ಖಾನೆಯ ಒಂದು ವಾರದ ದುಡಿಮೆ. "ಚೀಟಿ ಕೊಟ್ಟು, ಇಂಥ ಹೊತ್ತಿಗೆ ಬನ್ನಿ ಎಂದು ಹೇಳಿ ಕಳಿಸಿದರೆ ಸಾಕು." ಬುದ್ಧಿವಂತಿಕೆಯ ಮಾತೇ. ಆದರೆ ನೀನು ಯಾರಿಗಾಗಿ ಕೂತಿದ್ದೆ ಎಂದು ಬರೆಯಲೇ ಇಲ್ಲ! ಮಗುವಿಗೋ, ಅತ್ತಿಗೆಗೋ, ನಿನಗೋ? ಐದು ತಿಂಗಳು ನನಗೆ ಅನ್ನ ಸೇರಲಿಲ್ಲ. ಮುಂದಿನ ಎರಡು ಪತ್ರಗಳಲ್ಲಿ ಅಕ್ಷರ ದೊಡ್ಡದಾಗುತ್ತಾ ಹೋಯಿತು, ಸಾಲು ಬಲಕ್ಕೆ ಜಾರಿತು, ಒಂದು ಪುಟಕ್ಕೆ ಎಂಟೇ ಸಾಲು. ಆಗ ತಿಳಿಯಿತು, ಕಣ್ಣು, ಅದೂ ನಿನ್ನದು ಎಂದು. ಡಿಪೋಗೆ ಫೋನ್ ಮಾಡಿದೆ. "ಯಾರು ಮಾತಾಡೋದು?" ಎಂದು ಆ ಕಡೆಯವರು ಕೇಳಿದರು. ಏನೆಂದು ಹೇಳಲಿ? ಇಟ್ಟುಬಿಟ್ಟೆ. ಆಮೇಲೆ ಬಂತು, ಹಳೆಯ ಕನ್ನಡಕಗಳನ್ನು ಸಂಗ್ರಹಿಸಿ ಹಂಚಬೇಕೆಂಬ ಸಲಹೆ, ಪುಟಕ್ಕೆ ಇಪ್ಪತ್ತೆಂಟು ಸಾಲು, ಇರುವೆ ಸಾಲಿನಂಥ ನಿನ್ನ ಹಳೆಯ ಅಕ್ಷರ. ಆ ದಿನ ಇಡೀ ಮಹಡಿಗೆ ಟೀ ಕೊಡಿಸಿದೆ. ಸೂಪರಿಂಟೆಂಡೆಂಟ್ ಮೇಡಂ, "ಏನ್ರೀ ವಿಶೇಷ, ಬಡ್ತಿ ಬಂತಾ?" ಎಂದು ಕೇಳಿದರು. ಹೌದು ಎನ್ನುವ ಹಾಗೆ ತಲೆಯಾಡಿಸಿದೆ.

ಆಸ್ಪತ್ರೆಯ ಸಾಲಿನ ಸಲಹೆಯನ್ನು ನಾನು ಮೇಲಕ್ಕೆ ಕಳಿಸಲು ನೋಡಿದೆ, ಇದನ್ನು ನೀನು ನಂಬಬೇಕು. ಎರಡು ಪುಟದ ಟಿಪ್ಪಣಿ ಬರೆದೆ. ಮೇಡಂ ಓದಿ, ಕನ್ನಡಕ ತೆಗೆದು, "ಚೆನ್ನಾಗಿದೆ ಕಣ್ರೀ, ಆದರೆ ಇದರಲ್ಲಿ ಹಣಕಾಸು ಎಲ್ಲಿದೆ?" ಎಂದರು. ಜನರ ಹೊತ್ತು ಹಣವಲ್ಲವೇ ಎಂದು ಕೇಳಿದೆ. "ಜನರ ಹೊತ್ತು ನಮ್ಮ ಇಲಾಖೆಗೆ ಬರಲ್ಲ" ಎಂದರು. ಅವರು ಕೆಟ್ಟವರಲ್ಲ, ಅಣ್ಣ. ಆಗಲೇ ನಿವೃತ್ತಿ ಹತ್ತಿರವಾಗಿತ್ತು, ಯಾರೂ ತಮ್ಮನ್ನು ಏನೂ ಕೇಳದಿದ್ದರೆ ಸಾಕು ಎಂಬ ಸ್ಥಿತಿ.

ಎಲ್ಲವೂ ಅಂಥ ಘನವಾದ ಸಲಹೆಗಳೇ ಎಂದು ಉಬ್ಬಬೇಡ. ಸರ್ಕಾರಿ ಸಭೆಗಳಿಂದ ಕುರ್ಚಿ ತೆಗೆದುಬಿಡಿ, ನಿಂತು ಮಾತಾಡಿದರೆ ಬೇಗ ಮುಗಿಸುತ್ತಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಗೋಂದು ಅವರಿಗೆ ತೋರಿಸಿದಾಗ ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೀದಿಗೊಂದು ಏಣಿ ಸಾಕು, ಮನೆಗೊಂದು ಯಾಕೆ ಎಂದು ನಾಲ್ಕು ಪುಟ ಬರೆದಿದ್ದೆ. ಆ ಏಣಿ ಯಾರ ಮನೆಯಲ್ಲಿರಬೇಕು ಎಂಬುದಕ್ಕೇ ಬೀದಿಯವರೆಲ್ಲ ಜುಟ್ಟು ಹಿಡಿದುಕೊಂಡು ಜಗಳವಾಡುತ್ತಾರೆ ಎಂಬುದು ನಿನ್ನ ತಲೆಗೆ ಹೋಗಿಲ್ಲ. ನೀನು ಮೊದಲಿನಿಂದಲೂ ಹಾಗೆಯೇ. ಬೀದಿ ನಲ್ಲಿಯಲ್ಲಿ ಹೆಂಗಸರು ಗಂಟೆಗಟ್ಟಲೆ ನಿಲ್ಲುತ್ತಾರೆಂದು ಕೊಡಗಳ ಮೇಲೆ ಸುಣ್ಣದಲ್ಲಿ ನಂಬರು ಬರೆದು, ಮನೆಗೆ ಹೋಗಿ ಕೆಲಸ ಮುಗಿಸಿಕೊಂಡು ಬನ್ನಿ ಎಂದವನು ನೀನು. ನಿನಗಾಗ ಹನ್ನೆರಡು, ನನಗೆ ಏಳು. ಸುಣ್ಣದ ಡಬ್ಬಿ ಹಿಡಿದು ಹಿಂದೆ ಹಿಂದೆ ಬಂದವಳು ನಾನು. "ಅಣ್ಣ ಮುಂದೆ, ಬಾಲ ಹಿಂದೆ" ಎಂದು ಎಲ್ಲರೂ ನಗುತ್ತಿದ್ದರು. ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೆಯ ದಿನ ಯಾರೋ ಏಳನ್ನು ಅಳಿಸಿ ಒಂದು ಮಾಡಿಕೊಂಡರು, ಬೀದಿ ರಣರಂಗವಾಯಿತು. ಅಮ್ಮ ನಿನ್ನ ಬೆನ್ನಿಗೆ ಎರಡು ಬಾರಿಸಿ, ಆಮೇಲೆ ಪಕ್ಕದ ಮನೆಯವರ ಹತ್ತಿರ, "ನನ್ನ ಮಗನ ತಲೆ ನೋಡಿ ಹೇಗೆ ಓಡುತ್ತೆ" ಎಂದು ಹೇಳಿಕೊಂಡು ಬಂದಳು.

ಅಮ್ಮನ ಮಾತು ಬಂತು. ಬಸ್ಸೂ ಬಂತು. ಭಾನುವಾರ ಬರೆಯುತ್ತೇನೆ.


ಭಾನುವಾರ ಬೆಳಿಗ್ಗೆ
ಮನೆ

ಬಟ್ಟೆ ಒಗೆದು ಹರವಿ ಬಂದು ಕೂತಿದ್ದೇನೆ. ಕೂತು ಹತ್ತು ನಿಮಿಷವಾಯಿತು. ನಡುವೆ ಎದ್ದು ಒಲೆ ಒರೆಸಿದೆ, ಗಡಿಯಾರಕ್ಕೆ ಸೆಲ್ ಹಾಕಿದೆ, ಬಾಗಿಲ ಚಿಲಕ ಸಡಿಲವಾಗಿದೆಯೇ ಎಂದು ನೋಡಿದೆ. ಇನ್ನು ಮಾಡಲು ಬೇರೆ ಕೆಲಸವಿಲ್ಲ.

ಆ ದಿನದ ಮಾತನ್ನು ನೀನು ಮರೆತಿರಬಹುದು ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಮರೆತಿಲ್ಲ, ನನಗೆ ಗೊತ್ತು. ಮರೆತಿದ್ದರೆ ಒಂಬತ್ತು ವರ್ಷ ಹೀಗಿರುತ್ತಿರಲಿಲ್ಲ. ಅಮ್ಮ ಹೋಗಿ ಮೂರು ವಾರ, ಬಾಡಿಗೆ ಮನೆ ಖಾಲಿ ಮಾಡುವ ದಿನ. ಚಿಕ್ಕಪ್ಪ, ಚಿಕ್ಕಮ್ಮ, ಸಾಮಾನು ಹೊರಲು ಬಂದ ಇಬ್ಬರು, ಎಲ್ಲರೂ ನಡುಮನೆಯಲ್ಲಿದ್ದರು. ನೀನು ಅಮ್ಮನ ಮಂಚ ಬಿಚ್ಚುತ್ತಿದ್ದೆ. ಬೋಲ್ಟು ತಿರುಗಿಸಲು ಎರಡು ಸಲ ಕೈ ಜಾರಿತು. ನೀನು ನಗುವವನ ಹಾಗೆ, "ಕೆಲಸ ಮರೆತೋಗಿದೆ ಕೈಗೆ. ಇನ್ಮೇಲೆ ಯಾರು ಕೆಲಸ ಕೊಡ್ತಾರೋ" ಎಂದೆ. ನಾನು ಹೇಳಿದೆ, "ಮಾಡಿದ್ರೆ ತಾನೇ ಮರೆಯೋದು! ಹನ್ನೊಂದು ವರ್ಷ ಕೂತು ತಿಂದೆ. ಮನೇಲಿ ಕೂತಿರೋದನ್ನೆಲ್ಲ ಕೆಲಸ ಅಂತ ಕರೆಯೋಕಾಗಲ್ಲ."

ನೀನು ಮಂಚದ ನಾಲ್ಕೂ ಕಾಲು ಬಿಚ್ಚಿ, ಹಗ್ಗ ಕಟ್ಟಿ, ಬೋಲ್ಟುಗಳನ್ನು ಒಂದು ಬಟ್ಟೆಯಲ್ಲಿ ಗಂಟು ಹಾಕಿ ನನ್ನ ಕೈಗೆ ಕೊಟ್ಟೆ. ಹೋದೆ.

ಹನ್ನೊಂದು ವರ್ಷ. ಲೇತ್ ಯಂತ್ರದ ಮೇಲೆ ಕೂದಲೆಳೆ ತಪ್ಪದಂತೆ ಕೆಲಸ ಮಾಡುತ್ತಿದ್ದವನು, ಅಮ್ಮನಿಗೆ ಲಕ್ವ ಹೊಡೆದ ವಾರವೇ ಬಿಟ್ಟು ಬಂದೆ. ಒಬ್ಬರು ಬಿಡಬೇಕಿತ್ತು. ನಾನು ಆಗಷ್ಟೇ ಪರೀಕ್ಷೆ ಪಾಸಾಗಿದ್ದೆ, ಆದೇಶ ಕೈಗೆ ಬಂದಿತ್ತು. "ನೀನು ಹೋಗು, ನನ್ನ ಕೆಲಸ ಎಲ್ಲಿಗೂ ಓಡಿಹೋಗಲ್ಲ" ಎಂದೆ ನೀನು. ನಾನು ಹೋದೆ. ತಿಂಗಳಿಗೊಮ್ಮೆ ಹಣ್ಣು ಹಿಡಿದು ಬರುತ್ತಿದ್ದೆ, ಮನೆ ಫಿನೈಲ್ ವಾಸನೆ ಎಂದು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಿದ್ದೆ. ನೀನು ಎರಡು ಗಂಟೆಗೊಮ್ಮೆ ಅವಳ ಮಗ್ಗುಲು ಬದಲಿಸುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಅಮ್ಮನ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಕೊನೆಯ ಸಲ ಬಂದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇಂಥದ್ದನ್ನ ಆಸ್ಪತ್ರೇಲೂ ನೋಡಿಲ್ಲ ಕಣಮ್ಮ" ಎಂದಿದ್ದರು. ಅದನ್ನು ನಿನಗೆ ಹೇಳಲಿಲ್ಲ. ಹೇಳಿದ್ದರೆ ನಿನಗೆ ಸಂತೋಷವಾಗುತ್ತಿತ್ತು. ಅಮ್ಮನಿಗಾಗಿ ನಾನು ಏನೂ ಮಾಡಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ನೀನು ಕಣ್ಣೆದುರಿಗೆ ನಿಂತಾಗಲೆಲ್ಲ ಅದು ಎದ್ದು ಕಾಣುತ್ತಿತ್ತು. ಅದಕ್ಕೇ ಆ ಮಾತು ಆಡಿದೆ. ಕೋಪಕ್ಕಲ್ಲ. ಕೋಪಕ್ಕೆ ಆಡಿದ್ದರೆ ಮಾರನೆಯ ದಿನವೇ ನಿನ್ನ ಬಾಗಿಲಿಗೆ ಬರುತ್ತಿದ್ದೆ.

ಸಾಕು, ಇದನ್ನು ಇನ್ನೂ ಎಳೆದರೆ ಕಾಗದ ಒದ್ದೆಯಾಗುತ್ತದೆ.

ನಿನ್ನ ಪತ್ರಗಳನ್ನು ಕಾರ್ಖಾನೆಗೆ ಕಳಿಸುತ್ತಿಲ್ಲ. ಊಟದ ಡಬ್ಬಿಯ ಚೀಲದಲ್ಲಿ ದಿನಕ್ಕೆ ಎರಡರಂತೆ ಮನೆಗೆ ತಂದಿದ್ದೇನೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವಳಲ್ಲ ನಾನು. ಮೊನ್ನೆ ಕೊನೆಯವನ್ನು ಚೀಲಕ್ಕೆ ತುರುಕುವಾಗ ಗೋಂದು ನೋಡಿಬಿಟ್ಟರು. ಅವರು ಎದ್ದರು, ಹೌದು, ಎದ್ದರು, ಬಂದು ಚೀಲದ ಜಿಪ್ಪು ಎಳೆದು, "ಡಬ್ಬಿ ಸರಿಯಾಗಿ ಮುಚ್ಚಿ ಮೇಡಂ, ಸೋರುತ್ತೆ" ಎಂದು ಹೇಳಿ ಹೋಗಿ ಕೂತರು. ಈಗ ಹದಿನೈದೂ ನನ್ನ ಎದುರಿಗಿವೆ. ಸರಿಯಾಗಿ ಓದಿದರೆ ಇವು ಒಬ್ಬ ಮನುಷ್ಯ ತನ್ನ ಮನೆ, ತನ್ನ ಬೀದಿ, ತನ್ನ ಸುತ್ತಲಿನವರ ಬಗ್ಗೆ ಪಟ್ಟ ಚಿಂತೆ. ಅದನ್ನು ದೇಶದ ಹೆಸರಿನಲ್ಲಿ ಬರೆದೆ, ಯಾಕೆಂದರೆ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ನನಗೆ ಬೇಕಾದ್ದು ಇಷ್ಟೇ, ಅಣ್ಣ. ಈ ಪತ್ರದ ಹಿಂದೆ ನನ್ನ ಮನೆ ವಿಳಾಸ ಬರೆದಿದ್ದೇನೆ. ಒಂದು ಸಾಲು ಬರಿ. ಬೈದು ಬರೆದರೂ ಸರಿ, ನಾಲ್ಕು ಪುಟ ಬೈದರೂ ಸರಿ, ಹದಿನಾರನೆಯ ಸಲಹೆ ಬರೆದರೂ ಸರಿ, ಇನ್ನೂರು ಅಕ್ಷರದ ಲೆಕ್ಕ ಇಲ್ಲಿಲ್ಲ. ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಬರುವುದಿಲ್ಲ, ಆದರೆ ಬೇಡ ಎಂದಾದರೂ ಬರಿ. ಏನೂ ಬರೆಯದೆ ಇರಬೇಡ. ಶುಕ್ರವಾರದ ಮೇಲೆ ನೀನು ಹೇಗಿದ್ದೀಯ ಎಂದು ತಿಳಿಯದೆ ಹೇಗಿರುವುದು ಎಂದು ನನಗೆ ನಿಜವಾಗಿಯೂ ಗೊತ್ತಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ನೋಡದ ನಾದಿನಿಯ ಮೇಲೆ ಅವರಿಗೆ ಸಿಟ್ಟಿದ್ದರೆ ಅದು ನ್ಯಾಯವೇ. ಮಗಳಿಗೆ ಅತ್ತೆಯ ಆಶೀರ್ವಾದ. ಅವಳ ತಲೆ ನಿನ್ನ ಹಾಗೆ ಓಡಲಿ, ಕಾಲು ಇನ್ನಷ್ಟು ದೂರ ಹೋಗಲಿ, ಅವಳ ಮಾತಿಗೆ ಎದುರಿಗೆ ಕೂತು ಉತ್ತರ ಕೊಡುವವರು ಸಿಗಲಿ. ನಿನ್ನ ಕಣ್ಣು ಜೋಪಾನ. ಗ್ರೀಸ್ ಕೈಯಲ್ಲಿ ಉಜ್ಜಬೇಡ.

ಇಂತಿ,
ನಿನ್ನ ಬಾಲ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ಹೊರಗೆ ತೆಗೆದೆ. ನಟ್ಟು ಬೋಲ್ಟಿನಿಂದ ಶುರು ಮಾಡಿದ್ದು ನನ್ನ ಹೇಡಿತನ. ಅದಕ್ಕಿಂತ ನಾಲ್ಕು ತಿಂಗಳು ಮೊದಲು ಬಂದ ನಿನ್ನ ಮೊದಲನೆಯ ಪತ್ರ ನನ್ನ ಎಡಗೈಯಲ್ಲಿದೆ. "ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಈ ದೇಶದಲ್ಲಿ ಎಷ್ಟು ಮಂದಿ ಎಂದು ಯಾರೂ ಎಣಿಸಿಲ್ಲ. ಅವರ ದುಡಿಮೆಯನ್ನೂ ದೇಶದ ದುಡಿಮೆಗೆ ಸೇರಿಸಿ. ಸಂಬಳ ಕೇಳುತ್ತಿಲ್ಲ. ಅರ್ಜಿಯಲ್ಲಿ ಉದ್ಯೋಗ ಎಂಬ ಜಾಗದಲ್ಲಿ 'ಇಲ್ಲ' ಎಂದು ಬರೆಯುವುದು ತಪ್ಪಿದರೆ ಸಾಕು." ಅಕ್ಷರ ನೋಡಿದ ಕೂಡಲೇ ನೀನೆಂದು ಗೊತ್ತಾಯಿತು. ಗೊತ್ತಿದ್ದೇ ನಾಲ್ಕನೇ ಮುದ್ರೆ ಒತ್ತಿದೆ. ಒಂದನೆಯದು ಒತ್ತಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ನಾಲ್ಕನೆಯದಕ್ಕೆ ಒಂದು ಸಾಲಿನ ಕಾರಣ ಕೊಡಬೇಕು, ಅದನ್ನೂ ನಾನೇ ಬರೆದು ಟೈಪಿಗೆ ಕೊಟ್ಟೆ: "ಮನೆಯಲ್ಲಿ ಕುಳಿತು ಮಾಡುವ ಆರೈಕೆಯನ್ನು ಕೆಲಸವೆಂದು ಪರಿಗಣಿಸಲಾಗದು." ನೀನು ಹೇಳಿದ್ದು ಸರಿ ಎಂದರೆ ನಾನು ಆಡಿದ್ದು ತಪ್ಪೆಂದು ಒಪ್ಪಬೇಕಿತ್ತು. ಎಂಟು ದಿನಕ್ಕೆ ನಿನ್ನ ಕಾರ್ಡು ಬಂತು. ಅದು ನನ್ನ ಬಲಗೈಯಲ್ಲಿತ್ತು, ಈಗ ಕೆಳಗಿಟ್ಟು ಇದನ್ನು ಬರೆಯುತ್ತಿದ್ದೇನೆ. "ಮಾನ್ಯರೇ, ತಮ್ಮ ಉತ್ತರ ತಲುಪಿತು. ನನ್ನ ತಂಗಿ ಓದಿದವಳು, ಸರ್ಕಾರಿ ಕೆಲಸದಲ್ಲಿದ್ದಾಳೆ. ಅವಳೂ ಇದೇ ಮಾತು ಹೇಳಿದ್ದಳು. ಆಗ ನನ್ನ ಮನಸ್ಸು ಒಪ್ಪಿರಲಿಲ್ಲ. ತಿಳಿದವರು ಇಬ್ಬರು ಬೇರೆ ಬೇರೆಯಾಗಿ ಹೇಳಿದ ಮೇಲೆ ಅದು ಸರಿಯೇ ಇರಬೇಕು. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ."

ಇಬ್ಬರಲ್ಲ, ಅಣ್ಣ. ಎರಡು ಸಲವೂ ನಾನೊಬ್ಬಳೇ.